ಕಂಡಿಕಿ ಸುತ್ತಿದ್ದೂ ಬಯೋಡೇಟಾದಾಗ ಬರ್ಲಿ

ಬನಹಟ್ಟಿಯಲ್ಲಿ ನನ್ನದೊಂದು ಝರಾಕ್ಸ್, ಡಿಟಿಪಿ ಅಂಗಡಿ. ಪಿಯುಸಿ ರಿಸಲ್ಟ್ ಬಂತೆಂದರೆ ಕೆಲಸದ ಬಯೋಡೇಟಾ ಮಾಡಿಸಲು ಹುಡುಗರ ಸಾಲು. 'ಕಾಕಾ, ನಮ್ಮ ಗೆಳ್ಯಾಗ ಮಾಡಿಕೊಟ್ಟೀರಲ್ರಿ, ಅದ್ರಾಗ ಹೆಸರಷ್ಟ ಬದ್ಲಿ ಮಾಡ್ರಿ' ಅಂತಾರೆ. ಹೆಸರು ಬದಲಾದರೂ ಆ ಗೆಳೆಯನ ಟೈಪಿಂಗ್ ಸರ್ಟಿಫಿಕೇಟು ಇವನ ಹಾಳೆಯಲ್ಲೇ ಕೂತಿರುತ್ತದೆ! ಇನ್ನು ಕೆಲವರದು ಮದುವೆಯ ಬಯೋಡೇಟಾ ಇದ್ದಂತೆ: ಎತ್ತರ, ಮೈಬಣ್ಣ, ಜಾತಿ, ಸೋದರಮಾವನ ಊರು. ಅದನ್ನೆಲ್ಲ ತೆಗೆದುಹಾಕುತ್ತೇನೆ, ಆಧಾರ್ ನಂಬರನ್ನೂ. ಹತ್ತು ಕೈ ದಾಟುವ ಹಾಳೆಯಲ್ಲಿ ಅದೇಕೆ?

ಆಮೇಲೆ ಅರ್ಧ ಹಾಳೆ ಖಾಲಿ. 'ಅನುಭವ ಏನೂ ಇಲ್ರಿ' ಎಂದಳು ಜವಳಿ ಅಂಗಡಿಯ ಲೆಕ್ಕದ ಕೆಲಸಕ್ಕೆ ಅರ್ಜಿ ಹಾಕಲು ಬಂದ ಹುಡುಗಿ. 'ಮನ್ಯಾಗ ಮಗ್ಗ ಅದಾವೇನ್ ತಂಗಿ?' ಎಂದೆ. ನಾಲ್ಕು ಪವರ್‌ಲೂಮ್ ಇವೆ. ರಜೆಯಲ್ಲಿ ಕಂಡಿಕಿ (ಲಾಳಿಗೆ ಹಾಕುವ ನೂಲಿನ ಸುರುಳಿ) ಸುತ್ತುತ್ತಾಳೆ. ನೂಲು ಎಷ್ಟು ಬಂತು, ಸೀರೆ ಎಷ್ಟು ಹೋಯಿತು ಎಂದು ಅಪ್ಪನ ವಹಿ ಬರೆಯುವವಳೂ ಅವಳೇ. 'ಮನೆಯ ಮಗ್ಗದ ನೂಲು, ಸೀರೆಗಳ ಲೆಕ್ಕ ಎರಡು ವರ್ಷದಿಂದ ಬರೆಯುತ್ತಿದ್ದೇನೆ' ಎಂದು ಟೈಪ್ ಮಾಡಿದೆ. 'ಕಷ್ಟಪಟ್ಟು ದುಡಿಯುವ ಗುಣ' ಎಂಬ ಸಾಲು ಎಲ್ಲರ ಹಾಳೆಯಲ್ಲೂ ಇರುತ್ತದೆ, ಅದನ್ನು ಯಾವ ಸಾವುಕಾರನೂ ಓದುವುದಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ತಾಲ್ಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತ್ತಲ್ಲ, ಆಗ ಗಂಜಿ ಕೇಂದ್ರದಲ್ಲಿ ಕುಟುಂಬಗಳ ಪಟ್ಟಿ ಬರೆದ ಮುಧೋಳದ ಹುಡುಗನೊಬ್ಬ ಬಯೋಡೇಟಾ ಮಾಡಿಸಲು ಬಂದಾಗ ಅದನ್ನು ಹೇಳಲೇ ಇಲ್ಲ. ಕೆದಕಿದ ಮೇಲೆ 'ಸುಮ್ನ ಮಾಡಿದ್ದರಿ' ಎಂದ. ಪಗಾರ ಸಿಗದ ಕೆಲಸ ಕೆಲಸವೇ ಅಲ್ಲ ಎಂದು ನಮ್ಮ ಮಕ್ಕಳಿಗೆ ಯಾರು ಕಲಿಸಿದರೋ!

ಬೀಳಗಿ ಕಡೆಯವರ ವಿಳಾಸಕ್ಕೇ ಹೊತ್ತು ಹಿಡಿಯುತ್ತದೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರ ಸೇರಿದ ಮನೆಗಳಲ್ಲಿ ಒಂದು ಕಾಗದದಲ್ಲಿ ಹಳೇ ಊರು, ಇನ್ನೊಂದರಲ್ಲಿ ಹೊಸದು. ಈಗ ಟಪಾಲು ಎಲ್ಲಿ ಮುಟ್ಟುತ್ತದೋ ಅದನ್ನೇ ಹಾಕುತ್ತೇನೆ.

ಐಟಿಐ ಮುಗಿಸಿ ಸಕ್ಕರೆ ಕಾರ್ಖಾನೆಗೆ ಹೊರಟವರು ಟ್ರೇಡ್ ಹೆಸರಿನ ಕೆಳಗೆ ಯಾವ ಯಂತ್ರ ನಡೆಸಿ ಕಲಿತೆವು ಎಂಬುದನ್ನು ಬರೆಯಬೇಕು. ಅಪ್ರೆಂಟಿಸ್ ಆಗಿ ಸೇರುವುದಾದರೆ ಹಿಂದಿನ ಅನುಭವ ಬೇಕಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಇರುವುದೇ ಕೆಲಸ ಕಲಿಯುವವರಿಗಾಗಿ. ಕಲಿಯುವಾಗ ಸ್ಟೈಪೆಂಡ್ ಕೂಡ ಕೊಡಬೇಕು.

ಒಂದು ಹಾಳೆ ಸಾಕು. ಪರಿಚಯಕ್ಕೆ ಮಾಸ್ತರ ಹೆಸರು ಹಾಕುವ ಮುಂಚೆ ಅವರನ್ನು ಕೇಳಿ. ಅಪ್ಪನ ಫೋನ್ ನಂಬರ್ ಕೊಟ್ಟಿದ್ದರೆ ಅವರಿಗೂ ತಿಳಿಸಿ, ಮಗ್ಗದ ಗದ್ದಲದಲ್ಲಿ ರಿಂಗ್ ಕೇಳಿಸುವುದಿಲ್ಲ.