ಬೀವರ್ ಕಟ್ಟುವ ಕೆರೆ

ಬೀವರ್ ಇಲಿ, ಅಳಿಲುಗಳಂತೆ ದಂಶಕಗಳ ಗುಂಪಿಗೆ ಸೇರಿದ ಪ್ರಾಣಿ. ಉತ್ತರ ಅಮೆರಿಕದಲ್ಲಿ ಒಂದು, ಯುರೋಪು ಮತ್ತು ಏಷ್ಯಾಗಳಲ್ಲಿ ಇನ್ನೊಂದು ಪ್ರಭೇದವಿದೆ. ಬೆಳೆದ ಬೀವರ್ ಸಾಮಾನ್ಯವಾಗಿ 15ರಿಂದ 30 ಕಿಲೋ ತೂಗುತ್ತದೆ. ಅದರ ಬಾಚಿಹಲ್ಲುಗಳು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಹಲ್ಲಿನ ಮುಂಬದಿಯ ಎನಾಮಲ್‌ನಲ್ಲಿ ಕಬ್ಬಿಣದ ಅಂಶವಿದೆ. ಆದ್ದರಿಂದಲೇ ಅದು ಕಿತ್ತಳೆ ಬಣ್ಣಕ್ಕಿದ್ದು ಬಲು ಗಟ್ಟಿ. ಮೆದುವಾದ ಹಿಂಬದಿ ಬೇಗ ಸವೆಯುವುದರಿಂದ ಅಂಚು ಬಡಗಿಯ ಉಳಿಯಂತೆ ಸದಾ ಹರಿತ. ತುಟಿಗಳು ಹಲ್ಲಿನ ಹಿಂದೆ ಮುಚ್ಚಿಕೊಳ್ಳುವುದರಿಂದ, ನೀರಿನೊಳಗೆ ಕೊಂಬೆ ಕಡಿದರೂ ಬಾಯಿಗೆ ನೀರು ನುಗ್ಗುವುದಿಲ್ಲ.

ತೋಳ, ಕರಡಿಗಳಿಂದ ತಪ್ಪಿಸಿಕೊಳ್ಳಲು ಬೀವರಿಗೆ ಆಳವಾದ ನೀರು ಬೇಕು. ಹರಿಯುವ ತೊರೆಗೆ ಕೊಂಬೆ, ಕಲ್ಲು, ಕೆಸರು ಪೇರಿಸಿ ಅದು ಒಡ್ಡು ಕಟ್ಟುತ್ತದೆ. ನಿಂತ ನೀರಿನ ನಡುವೆ ಕಟ್ಟಿಗೆಯ ಗೂಡು ಕಟ್ಟಿ, ಅದರ ಬಾಗಿಲನ್ನು ನೀರಿನಡಿಯಲ್ಲಿ ಇಡುತ್ತದೆ. ನೀರು ಸೋರುವ ಸದ್ದು ಕೇಳಿದರೆ ಸಾಕು, ದುರಸ್ತಿ ಶುರು. ಸ್ವೀಡನ್ನಿನ ವಿಜ್ಞಾನಿ ಲಾರ್ಸ್ ವಿಲ್ಸನ್ ಧ್ವನಿವರ್ಧಕದಲ್ಲಿ ಹರಿಯುವ ನೀರಿನ ಸದ್ದು ಕೇಳಿಸಿದಾಗ, ಬೀವರ್‌ಗಳು ಆ ಸದ್ದು ಬಂದ ಕಡೆಗೇ ಕೊಂಬೆ ತಂದು ಪೇರಿಸಿದವು. ಕೆನಡಾದ ವುಡ್ ಬಫೆಲೊ ರಾಷ್ಟ್ರೀಯ ಉದ್ಯಾನದಲ್ಲಿರುವ ಒಡ್ಡು ಮುಕ್ಕಾಲು ಕಿಲೋಮೀಟರಿಗೂ ಉದ್ದವಿದೆ. 2007ರಲ್ಲಿ ಅದು ಕಣ್ಣಿಗೆ ಬಿದ್ದದ್ದು ಉಪಗ್ರಹ ಚಿತ್ರದಲ್ಲಿ.

ಒಡ್ಡು ಕಟ್ಟಿದ ಮೇಲೆ ತೊರೆಯ ಜೀವಸಮುದಾಯವೇ ಬದಲಾಗುತ್ತದೆ. ರಭಸದ ನೀರಿನಲ್ಲಿ ಕಲ್ಲಿಗಂಟಿ ಬದುಕುವ ಕೀಟಗಳು ಕಡಿಮೆಯಾಗಿ, ನಿಂತ ನೀರಿಗೆ ಒಗ್ಗಿದ ಹುಳುಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು, ಗೊದಮೊಟ್ಟೆಗಳು ಬರುತ್ತವೆ. ಬೇರು ಮುಳುಗಿದ ಮರಗಳು ಉಸಿರುಗಟ್ಟಿ ಒಣಗುತ್ತವೆ. ಆ ಒಣಮರಗಳ ಪೊಟರೆಗಳಲ್ಲಿ ಮರಕುಟಿಗ, ಬಾತುಗಳು ಗೂಡು ಮಾಡುತ್ತವೆ. ಅಂಚಿನಲ್ಲಿ ಜೊಂಡು, ಜೇಕು ಬೆಳೆಯುತ್ತವೆ.

ತೊರೆ ಹೊತ್ತು ತರುವ ಹೂಳು ಮತ್ತು ಕೊಳೆತ ಎಲೆ ತಳದಲ್ಲಿ ಕೂರುತ್ತವೆ. ಸುತ್ತಲಿನ ಮೇವಿನ ಮರ ಮುಗಿದಾಗ ಬೀವರ್ ಜಾಗ ಬಿಡುತ್ತದೆ. ರಿಪೇರಿಯಿಲ್ಲದ ಒಡ್ಡು ಒಡೆದು ನೀರು ಇಳಿದರೆ, ಫಲವತ್ತಾದ ಹೂಳಿನ ಮೇಲೆ ಹುಲ್ಲು, ಜೇಕು ಹಬ್ಬಿ ಹುಲ್ಲುಗಾವಲು ಆಗುತ್ತದೆ. ಬಳಿಕ ವಿಲ್ಲೋ, ಆಲ್ಡರ್ ಪೊದೆಗಳು ಕಾಲಿಡುತ್ತವೆ. ಒಂದು ಸಮುದಾಯದ ಜಾಗವನ್ನು ಇನ್ನೊಂದು ಹೀಗೆ ಸರದಿಯಂತೆ ತುಂಬುವುದನ್ನು ಅನುಕ್ರಮಣ ಎನ್ನುತ್ತಾರೆ.

ಆದರೆ ಅಲ್ಲಿ ಸ್ಪ್ರೂಸ್ ಕಾಡು ಮರಳುವುದು ನಿಧಾನ. ಸ್ಪ್ರೂಸ್ ಬೇರಿಗೆ ನೆರವಾಗುವ ಶಿಲೀಂಧ್ರಗಳು ದೀರ್ಘಕಾಲ ಮುಳುಗಿದ ಮಣ್ಣಿನಲ್ಲಿ ಉಳಿಯುವುದಿಲ್ಲ. ಅವುಗಳ ಬೀಜಕಣಗಳು ಕಾಡಿನಿಂದ ಮತ್ತೆ ಬರಬೇಕು. ಅಣಬೆ ತಿನ್ನುವ ಪುಟ್ಟ ಇಲಿಗಳು ಹಿಕ್ಕೆಯ ಮೂಲಕ ಅವನ್ನು ತಲುಪಿಸಬಲ್ಲವು. ಅಷ್ಟರಲ್ಲಿ ವಿಲ್ಲೋ ಚಿಗುರಿದ್ದರೆ ಹೊಸ ಬೀವರ್ ಜೋಡಿ ಬಂದು ಒಡ್ಡು ಕಟ್ಟಬಹುದು. ಸರದಿ ಮೊದಲಿನಿಂದ ಆರಂಭ. ಹೀಗಾಗಿ ಒಂದೇ ಕಣಿವೆಯಲ್ಲಿ ತೊರೆ, ಕೆರೆ, ಜೌಗು, ಹುಲ್ಲುಗಾವಲು, ಕಾಡು ಅಕ್ಕಪಕ್ಕದಲ್ಲೇ ಇರುತ್ತವೆ.

ಉತ್ತರದ ಕಾಡಿನಲ್ಲಿ ಈ ಚಕ್ರ ನಡೆಯಲು ಅಲ್ಲಿನ ಗಿಡಮರಗಳೂ ಕಾರಣ. ವಿಲ್ಲೋ, ಆಸ್ಪೆನ್‌ಗಳನ್ನು ಕಡಿದರೆ ಬುಡದಿಂದ ಇಲ್ಲವೇ ಬೇರಿನಿಂದ ಮತ್ತೆ ಚಿಗುರುತ್ತವೆ. ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊದಲ್ಲಿ ಹಾಗಲ್ಲ. ತುಪ್ಪಳದ ಉದ್ಯಮಕ್ಕೆಂದು ಅರ್ಜೆಂಟೀನಾ 1946ರಲ್ಲಿ ಕೆನಡಾದಿಂದ ತಂದು ಬಿಟ್ಟ ಬೀವರ್‌ಗಳು, ಬೇಟೆಯಾಡುವ ತೋಳ, ಕರಡಿಗಳಿಲ್ಲದ ಆ ದ್ವೀಪದಲ್ಲಿ ವಿಪರೀತ ಹೆಚ್ಚಿದವು. ಅಲ್ಲಿನ ನೋಥೋಫಾಗಸ್ ಮರಗಳು ಬೀವರ್ ಹಲ್ಲಿಗೂ ನಿಂತ ನೀರಿಗೂ ಹೊಂದಿಕೊಂಡವಲ್ಲ. ಹೊಳೆಯಂಚಿನ ಕಾಡು ಸತ್ತ ಕಡೆ ಹುಲ್ಲುಗಾವಲು ಬಂತು, ಮರಗಳು ಮಾತ್ರ ಮರಳಲಿಲ್ಲ. ಕೊನೆಗೆ 2008ರಲ್ಲಿ ಅರ್ಜೆಂಟೀನಾ ಮತ್ತು ಚಿಲಿ, ಬೀವರ್‌ಗಳನ್ನು ತೆಗೆದು ಕಾಡನ್ನು ಚೇತರಿಸುವ ಒಪ್ಪಂದಕ್ಕೆ ಬಂದವು.