ಹೊಸ್ತಿಲು ದಾಟುವ ಬೆಕ್ಕು: ಬಾಗಿಲಿಗಿಂತ ಮೊದಲು ಕಾರಣ ನೋಡಿ

ರೋಣ ಸೀಮೆಯ ಒಕ್ಕಲುತನದ ಮನೆಗಳಿಗೆ ಬೆಕ್ಕು ಹೊಸ ಪ್ರಾಣಿಯಲ್ಲ. ಹಗೇವಿನ ಜೋಳವನ್ನೂ ಅಟ್ಟದ ಮೇಲಿನ ಕಡಲೆ, ಶೇಂಗಾ ಚೀಲಗಳನ್ನೂ ಇಲಿ ಹೆಗ್ಗಣಗಳಿಂದ ಕಾಯುವುದು ಅದರ ಕಾಯಕವಾಗಿತ್ತು. ಹಗಲಲ್ಲಿ ಮೇವಿನ ಮೇಲೆ ಮಲಗಿ, ರಾತ್ರಿ ಮಾಳಿಗೆಯಿಂದ ಮಾಳಿಗೆಗೆ ಹಾರಿ ಓಣಿಯನ್ನೆಲ್ಲ ಸುತ್ತುತ್ತಿದ್ದ ಆ ಬೆಕ್ಕಿಗೆ ಒಳಗು ಹೊರಗು ಎಂಬ ಭೇದವೇ ಇರಲಿಲ್ಲ. ಈಗ ಸಂಗತಿ ಬೇರೆಯಾಗಿದೆ. ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ನೌಕರಿ ಮಾಡುವ ಮಕ್ಕಳು ಫ್ಲ್ಯಾಟಿನೊಳಗೆ ಸಾಕಿದ ಬೆಕ್ಕುಗಳು ವರ್ಗಾವಣೆ, ಬಾಣಂತನ, ಪರದೇಶ ಪ್ರಯಾಣಗಳ ಕಾರಣದಿಂದ ಊರಿಗೆ ಬಂದು ಅಜ್ಜ ಅಜ್ಜಿಯರ ಪಾಲಾಗುತ್ತಿವೆ. ಅವಕ್ಕೆ ಬೀದಿನಾಯಿಯ ಅಂಜಿಕೆಯಿಲ್ಲ, ಟ್ರ್ಯಾಕ್ಟರಿನ ಗಾಲಿಯ ಅರಿವಿಲ್ಲ. "ಹೊರಗ ಬಿಡಬ್ಯಾಡ್ರಿ" ಎಂದು ಮಕ್ಕಳು ಫೋನಿನಲ್ಲಿ ಹೇಳುತ್ತಾರೆ. ಇತ್ತ ತಲಬಾಗಿಲು ಮುಂಜಾನೆಯಿಂದ ಸಂಜೆಯವರೆಗೆ ತೆರೆದೇ ಇರುತ್ತದೆ.

ಆರೋಗ್ಯ ವಿಭಾಗದಲ್ಲಿ ಬೆಕ್ಕಿನ ವಿಚಾರವೇಕೆ ಎಂದು ಸದ್ಭಕ್ತರು ಕೇಳಬಹುದು. ಕಾಲ ಸಂದಿಯಲ್ಲಿ ನುಸುಳುವ ಬೆಕ್ಕನ್ನು ಹಿಡಿಯಲು ಬಗ್ಗಿ ಹೊಸ್ತಿಲ ಮೇಲೆ ಬಿದ್ದ ವೃದ್ಧರನ್ನು ನಾವು ಕಂಡಿದ್ದೇವೆ. ಎಪ್ಪತ್ತು ದಾಟಿದವರಿಗೆ ತೊಡೆಯ ಎಲುಬಿನ ಮುರಿತವೆಂದರೆ ತಿಂಗಳುಗಟ್ಟಲೆ ಹಾಸಿಗೆ. ಎರಡನೆಯದು ಪರಚು ಮತ್ತು ಕಡಿತ. ಅದರ ವಿಚಾರ ಮುಂದೆ ಬರುತ್ತದೆ.

ಆಯುರ್ವೇದದಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ ನಿದಾನ ಪರಿವರ್ಜನ, ಅಂದರೆ ರೋಗದ ಕಾರಣವನ್ನು ದೂರ ಮಾಡುವುದು. ಬೆಕ್ಕಿನ ಓಟಕ್ಕೂ ಇದೇ ಸೂತ್ರ ಸಲ್ಲುತ್ತದೆ. ಅದು ಹೊರಗೆ ಹೋಗಬಯಸುವುದು ಹಟದಿಂದಲ್ಲ, ಒಳಗೆ ಸಿಗದ ಯಾವುದೋ ಒಂದರ ಸಲುವಾಗಿ.

ಮೊದಲನೆಯದು ಮಲಮೂತ್ರ ವಿಸರ್ಜನೆ. ಚರಕಾಚಾರ್ಯರು ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ತಡೆಹಿಡಿಯಬಾರದ 13 ವೇಗಗಳನ್ನು ಹೇಳಿದ್ದಾರೆ. ಮೂತ್ರ ಮತ್ತು ಮಲದ ವೇಗಗಳು ಅವುಗಳಲ್ಲಿ ಮುಖ್ಯವಾದವು. ಬಾಗಿಲು ಮುಚ್ಚಿ ಒಳಗೆ ಮಣ್ಣನ್ನೂ ಇಡದಿದ್ದರೆ ಮೂಕಪ್ರಾಣಿಗೆ ವೇಗಧಾರಣೆಯ ಶಿಕ್ಷೆ ಕೊಟ್ಟಂತೆಯೇ. ಅಗಲವಾದ ಹಳೆಯ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನಾಲ್ಕು ಬೆರಳಿನಷ್ಟು ಒಣ ಮರಳು ಹಾಕಿ, ಜನ ಓಡಾಡದ ಮೂಲೆಯಲ್ಲಿ, ಅನ್ನದ ತಟ್ಟೆಯಿಂದ ದೂರದಲ್ಲಿ ಇಡಬೇಕು. ನಮ್ಮ ಎರೆಮಣ್ಣು ಇದಕ್ಕೆ ಬಾರದು. ಹಸಿಯಾದೊಡನೆ ಪಾದಕ್ಕೆ ಅಂಟಿ ಮನೆಯೆಲ್ಲ ತಿರುಗುತ್ತದೆ. ಮಲವನ್ನು ದಿನವೂ ತೆಗೆಯಬೇಕು, ಆದರೆ ಗರ್ಭಿಣಿಯರು ಈ ಕೆಲಸಕ್ಕೆ ಕೈಹಾಕಬಾರದು. ಬೇಟೆಯಾಡಿದ ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದು, ಅದು ಗರ್ಭಸ್ಥ ಶಿಶುವಿಗೆ ಅಪಾಯಕಾರಿ.

ಎರಡನೆಯದು ಆಹಾರ. ಇಲ್ಲಿ ನಮ್ಮ ಮನೆತನಗಳು ಸ್ವಲ್ಪ ನಿಂತು ವಿಚಾರ ಮಾಡಬೇಕು. ಮಾಂಸ, ಮೊಟ್ಟೆಗಳು ಹೊಸ್ತಿಲೊಳಗೆ ಬಾರದ ಮನೆಯಲ್ಲಿ ಬೆಕ್ಕಿಗೆ ಹಾಲು ಅನ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿ ಹಾಕುವುದು ರೂಢಿ. ಹಗೇವು ಕಾಯುತ್ತಿದ್ದ ಬೆಕ್ಕಿಗೆ ಅದು ಸಾಕಾಗುತ್ತಿತ್ತು, ಏಕೆಂದರೆ ಉಳಿದದ್ದನ್ನು ಅದು ಇಲಿಗಳಿಂದ ಪಡೆಯುತ್ತಿತ್ತು. ಒಳಗೇ ಕೂಡಿಟ್ಟ ಬೆಕ್ಕಿಗೆ ಆ ದಾರಿಯಿಲ್ಲ. ಬೆಕ್ಕು ಹುಟ್ಟಿನಿಂದ ಮಾಂಸಾಹಾರಿ. ಕಾಯಿಪಲ್ಯೆಗಳಿಂದ 'ಎ' ಜೀವಸತ್ವವನ್ನು ಮಾಡಿಕೊಳ್ಳುವ ಶಕ್ತಿ ನಮಗಿದೆ, ಅದಕ್ಕಿಲ್ಲ. ಟಾರಿನ್ ಎಂಬ ಸತ್ವವೂ ಅದರ ದೇಹದಲ್ಲಿ ಬೇಕಾದಷ್ಟು ಹುಟ್ಟುವುದಿಲ್ಲ, ಹಾಲಿನಲ್ಲಿ ಇರುವುದು ತೀರ ಅಲ್ಪ. ಅದು ಕೊರತೆಯಾದರೆ ಬೆಕ್ಕಿನ ಕಣ್ಣು ಮಂಜಾಗುತ್ತ ಹೋಗುತ್ತದೆ, ಹೃದಯ ಹಿಗ್ಗಿ ಬಲಗುಂದುತ್ತದೆ. ಹೃದಯದ ಈ ಸಂಬಂಧವನ್ನು 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ತೋರಿಸಿಕೊಟ್ಟರು. ಸಾಲದೆಂಬಂತೆ, ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಅರಗದೆ ಭೇದಿಯಾಗುತ್ತದೆ.

ಆಹಾರಕ್ಕೂ ಬೇಟೆಗೂ ನಂಟಿರುವುದು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದುಬಂದಿದೆ. ಮಾಂಸಾಂಶ ಹೆಚ್ಚಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಬೇಟೆಯಾಡಿ ಮನೆಗೆ ತರುವ ಪ್ರಾಣಿಗಳು ಶೇಕಡಾ 36ರಷ್ಟು ಕಡಿಮೆಯಾದವು. ದಿನಕ್ಕೆ ಐದು ಹತ್ತು ನಿಮಿಷ ಆಟವಾಡಿಸಿದಾಗ ಶೇಕಡಾ 25ರಷ್ಟು. ಕೋಲಿಗೆ ದಾರ ಕಟ್ಟಿ, ತುದಿಗೆ ಅರಿವೆಯ ಚೂರು ಸುತ್ತಿ ಮೊಮ್ಮಕ್ಕಳು ಆಡಿಸಿದರೆ ಅಷ್ಟೇ ಸಾಕು. ಬೆಕ್ಕಿಗೆ ಉತ್ಸಾಹ ಬರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಆಟವನ್ನೂ ಆಹಾರವನ್ನೂ ಆ ಹೊತ್ತಿಗೇ ಕೊಡುವುದು ಲೇಸು.

ಹಾಗಾದರೆ ಶಾಕಾಹಾರಿ ಮನೆಯವರೇನು ಮಾಡಬೇಕು? ಅಂಗಡಿಗಳಲ್ಲಿ ಸಿಗುವ ಬೆಕ್ಕಿನ ಒಣ ಆಹಾರದಲ್ಲಿ ಟಾರಿನ್ ಸೇರಿರುತ್ತದೆ. ಮುಚ್ಚಳದ ಡಬ್ಬಿಯಲ್ಲಿಟ್ಟು, ಬೇರೆ ತಟ್ಟೆಯಲ್ಲಿ, ಅಡುಗೆಮನೆಯಿಂದ ದೂರ ಹಿತ್ತಲ ಪಡಸಾಲೆಯಲ್ಲಿ ಹಾಕಬಹುದು. ಅದರಲ್ಲಿ ಮೀನು ಕೋಳಿಗಳ ಅಂಶವಿರುವುದು ನಿಜ. ಅದನ್ನು ಒಪ್ಪದವರು ಬೆಕ್ಕಿನ ಹೊಣೆಯನ್ನೇ ಒಪ್ಪಿಕೊಳ್ಳದಿರುವುದು ಒಳಿತೆಂಬುದು ನಮ್ಮ ಅಭಿಪ್ರಾಯ. ನಮ್ಮ ವ್ರತ ನಮ್ಮದು, ಬೆಕ್ಕು ಅದನ್ನು ಸ್ವೀಕರಿಸಿಲ್ಲ.

ಮೂರನೆಯದು ಬೆದೆ. ಐದಾರು ತಿಂಗಳಿಗೇ ಹೆಣ್ಣು ಬೆಕ್ಕು ಬೆದೆಗೆ ಬರಬಹುದು; ಗರ್ಭ ನಿಲ್ಲದಿದ್ದರೆ ಎರಡು ಮೂರು ವಾರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ದಿನಗಳ ಕೂಗನ್ನು ಕೇಳಿದವರಿಗೆ ಯಾವ ಅಗುಳಿಯೂ ಸಾಲದೆಂಬುದು ಗೊತ್ತು. ಗಂಡು ಬೆಕ್ಕು ವಾಸನೆ ಹಿಡಿದು ದೂರ ಅಲೆಯುತ್ತದೆ, ಕಾದಾಡುತ್ತದೆ. ಪಶುವೈದ್ಯರಿಂದ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸುವುದೇ ಇದಕ್ಕೆ ಪರಿಹಾರ. ಪಾಪವೆಂದು ಹಿಂಜರಿಯುವವರು ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವ ಮರಿಗಳನ್ನು ಒಮ್ಮೆ ನೆನೆಯಬೇಕು.

ಇಷ್ಟಾದ ಮೇಲೆ ಬಾಗಿಲು. ನಮ್ಮ ಮಾಳಿಗೆ ಮನೆಗಳಲ್ಲಿ ಎಲ್ಲರೂ ಮರೆಯುವ ದಾರಿ ಬೆಳಕಿಂಡಿ. ಅದಕ್ಕೂ ಕಿಟಕಿಗಳಿಗೂ ಗಟ್ಟಿ ತಂತಿ ಜಾಳಿಗೆ ಬಡಿಸಬೇಕು. ಸೊಳ್ಳೆ ಪರದೆಯನ್ನು ಬೆಕ್ಕು ಹರಿಯುತ್ತದೆ. ತಲಬಾಗಿಲಿನ ಹತ್ತಿರ ಎಂದೂ ಉಣಿಸಬಾರದು. ಹೊರಗಿನಿಂದ ಬರುವವರು ಬಾಗಿಲಲ್ಲೇ ನಿಂತು ಮುದ್ದು ಮಾಡದೆ, ಒಳಗೆ ನಡೆದು ಬಂದ ಮೇಲೆ ಮಾತಾಡಿಸಲಿ. ದೀಪಾವಳಿಯ ಪಟಾಕಿ, ಮೆರವಣಿಗೆಯ ಡಿಜೆ ಇರುವ ದಿನ ಒಳಕೋಣೆಯಲ್ಲಿ ಕೂಡಿಡುವುದು ಕ್ಷೇಮ.

ತಪ್ಪಿಸಿಕೊಂಡರೆ ಬೆನ್ನಟ್ಟಬಾರದು. ಒಳಗೆ ಬೆಳೆದ ಬೆಕ್ಕು ಸಾಮಾನ್ಯವಾಗಿ ಬಹುದೂರ ಹೋಗದೆ ಬಣವೆಯ ಬುಡ, ಕಟ್ಟಿಗೆಯ ಒಟ್ಟು, ಹಾಳುಮನೆಗಳಲ್ಲಿ ಅಡಗುತ್ತದೆ. ಓಣಿ ಶಾಂತವಾದ ಮೇಲೆ ಬ್ಯಾಟರಿ ಹಿಡಿದು, ಆಹಾರದ ಡಬ್ಬಿ ಅಲುಗಾಡಿಸುತ್ತ ಮೆಲ್ಲಗೆ ಕರೆಯಬೇಕು. ಅಂಜಿದ ಬೆಕ್ಕನ್ನು ಬರಿಗೈಯಲ್ಲಿ ಹಿಡಿಯದೆ ದಪ್ಪ ಚಾದರ ಹೊದಿಸಿ ಎತ್ತಬೇಕು.

ಕಡಿದರೆ, ರಕ್ತ ಬರುವಂತೆ ಪರಚಿದರೆ, ಸಾಕಿದ ಬೆಕ್ಕೆಂದು ಉಪೇಕ್ಷಿಸಬಾರದು. ರೇಬೀಸ್ ನಾಯಿಯಿಂದ ಮಾತ್ರ ಬರುವ ರೋಗವಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚು ಪ್ರಾಣಿಗಳ ವಿಷದ ವರ್ಣನೆಯಿದೆ. ನೀರನ್ನು ಕಂಡು ಬೆದರುವ ಸ್ಥಿತಿ ಬಂದವನು ಉಳಿಯನೆಂದು ಆಚಾರ್ಯರು ಅಂದೇ ಹೇಳಿದ್ದಾರೆ. ಲಕ್ಷಣಗಳು ತೋರಿದ ಮೇಲೆ ಇಂದಿಗೂ ಯಾವ ಪದ್ಧತಿಯಲ್ಲೂ ಭರವಸೆಯ ಚಿಕಿತ್ಸೆಯಿಲ್ಲ. ಆಯುರ್ವೇದ ವೈದ್ಯರಾದ ನಾವೇ ಹೇಳುತ್ತಿದ್ದೇವೆ, ಇದಕ್ಕೆ ನಮ್ಮ ಬಳಿ ಔಷಧ ಕೇಳಬೇಡಿರಿ. ಸುಣ್ಣ, ಖಾರಪುಡಿ, ಅರಿಶಿನ ಹಚ್ಚದೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅಂದೇ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಬಳಿಕ 3, 7 ಮತ್ತು 28ನೆಯ ದಿನ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೊಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಕಡಿದ ಬೆಕ್ಕನ್ನು 10 ದಿನ ಕಣ್ಣಳತೆಯಲ್ಲಿಡಬೇಕು, ಆದರೆ ಲಸಿಕೆ ಆರಂಭಿಸಲು ಆ ಹತ್ತು ದಿನ ಕಾಯುವಂತಿಲ್ಲ. ಬೆಕ್ಕಿಗೂ ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ ಹಾಕಿಸಿ, ಮುಂದಿನ ಸರದಿಯ ದಿನಾಂಕವನ್ನು ಪಶುವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಿರಿ.