ಕಣ್ಣಿನ ನರ, ಮೂಗಿನ ನರ: ತಿಳಿದಿರಲಿ

ರಬಕವಿ-ಬನಹಟ್ಟಿಯ ನೇಕಾರರು ಸೀರೆಯ ಒಡಲು ಮತ್ತು ದಡಿ ಕೂಡುವ ಗೆರೆಯನ್ನು ಥಟ್ಟನೆ ಗುರುತಿಸುತ್ತಾರೆ. ಇದು ಹೇಗೆ? ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಸುಮಾರು 12 ಕೋಟಿ ಜೀವಕೋಶಗಳಿವೆ. ಮೆದುಳಿಗೆ ಹೋಗುವ ನರದ ಎಳೆಗಳು ಮಾತ್ರ ಸುಮಾರು 10 ಲಕ್ಷ. ಆದ್ದರಿಂದ ನಡುವಿನ ನರಕೋಶಗಳು ಅಕ್ಕಪಕ್ಕದ ಬೆಳಕನ್ನು ಹೋಲಿಸಿ, ಅಂಚುಗಳನ್ನು ಎತ್ತಿ ತೋರಿಸಿ, ಸಾರವನ್ನಷ್ಟೇ ಕಳುಹಿಸುತ್ತವೆ.

ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ಸುಮಾರು 400 ಬಗೆಯ ನರಕೋಶಗಳಿವೆ. ಒಂದೇ ಬಗೆಯವುಗಳ ಎಳೆಗಳು ಮೆದುಳಿನಲ್ಲಿ ಒಂದೆಡೆ ಕೂಡುತ್ತವೆ. ಮುಧೋಳ ಭಾಗದ ಬೆಲ್ಲದ ಗಾಣದ ಹತ್ತಿರ ಹೋದಾಗ ಯಾವ ಯಾವ ಗುಂಪು ಎಚ್ಚೆತ್ತಿತು ಎಂಬುದರಿಂದ ಮೆದುಳು ಬೆಲ್ಲದ ವಾಸನೆಯನ್ನು ತಿಳಿಯುತ್ತದೆ. ಈ ವ್ಯವಸ್ಥೆಯನ್ನು ಕಂಡುಹಿಡಿದ ರಿಚರ್ಡ್ ಆಕ್ಸೆಲ್ ಹಾಗೂ ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಮೂಗಿನ ಈ ನರಕೋಶಗಳು ಸತ್ತರೆ ಹೊಸವು ಹುಟ್ಟುತ್ತವೆ. ಆದ್ದರಿಂದ ನೆಗಡಿ, ಕೋವಿಡ್‌ನಿಂದ ಹೋದ ವಾಸನೆ ಬಹಳ ಜನರಿಗೆ ನಿಧಾನವಾಗಿ ಮರಳುತ್ತದೆ. ಅಲ್ಲಿಯವರೆಗೆ ಗ್ಯಾಸ್ ಸೋರಿದರೂ ತಿಳಿಯದು. ಅಡುಗೆ ಮುಗಿದೊಡನೆ ರೆಗ್ಯುಲೇಟರ್ ಬಂದ್ ಮಾಡಿರಿ.

ಕಣ್ಣಿನ ನರ ಹಾಗಲ್ಲ, ಸತ್ತರೆ ಮತ್ತೆ ಹುಟ್ಟದು. ಪೊರೆ ಬಂದರೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಸಾಮಾನ್ಯವಾಗಿ ಮರಳುತ್ತದೆ. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಈ ರೋಗ ಹೆಚ್ಚಾಗಿ ನೋವಿಲ್ಲದೆ ಬದಿಯ ನೋಟವನ್ನು ಮೊದಲು ಕಸಿಯುತ್ತದೆ. 40 ವರ್ಷ ದಾಟಿದವರು, ಮನೆತನದಲ್ಲಿ ಗ್ಲಾಕೋಮಾ ಇದ್ದವರು ಕಣ್ಣು ತೋರಿಸಿಕೊಳ್ಳಿರಿ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಿರಿ. ವೈದ್ಯರು ಕೊಟ್ಟ ಕಣ್ಣಿನ ಹನಿಯನ್ನು ಅವರು ಹೇಳದೆ ನಿಲ್ಲಿಸಬೇಡಿರಿ. ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಹನಿ ಹಾಕುವುದು ಮನೆಯವರ ಹೊಣೆ.